ಎಮ್ಮೆ ಇಲ್ಲದ ಹಾಲು

ನಮ್ಮ ಹಿತ್ತಲಿನ ತಂತಿಯ ಮೇಲೆ ದಿನಾಲೂ ಒಂದು ಬಿಳಿ ಬಟ್ಟೆ ಒಣಗುತ್ತಿರುತ್ತದೆ. ಅದನ್ನು ಬಿಳಿ ಎನ್ನುವವಳು ನಾನೊಬ್ಬಳೇ. ಮೊದಲಿಗೆ ಅದು ನಮ್ಮವರ ಧೋತರದ ತುಂಡು. ಈಗ ನಡುವೆ ಊಟದ ತಟ್ಟೆಯಷ್ಟು ಅಗಲದ ಹಳದಿ ಕಲೆ ಇದೆ, ಹಿಂಡಿ ಹಿಂಡಿ ಮೂಲೆಗಳು ಹಗ್ಗದಂತಾಗಿವೆ. ಸಾಬೂನು ಹಚ್ಚುವಂತಿಲ್ಲ, ವಾಸನೆ ಉಳಿಯುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ರಾಯಚೂರಿನಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ. ಮೊನ್ನೆ ಮನೆಗೆ ಬಂದ ಪರಿಚಯದ ಹೆಂಗಸೊಬ್ಬರು ಆ ಬಟ್ಟೆಯನ್ನೇ ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ಮನ್ಯಾಗ ಯಾರಿಗರ ಗಾಯ ಆಗ್ಯದೇನ್ರೀ?" ಎಂದು ಕೇಳಿದರು.

"ಇಲ್ರೀ. ಅದು ಹಾಲು ಸೋಸೋ ಬಟ್ಟಿ."

ಹಾಲು ಸೋಸಲು ಅಷ್ಟು ದೊಡ್ಡ ಬಟ್ಟೆ ಯಾಕೆ, ಹಾಲಿಗೆ ಆ ಬಣ್ಣ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. "ನಮ್ಮ ಸೊಸಿ ಮಾತಿಗೂ ತಕ್ಕಡಿ ಹಿಡೀತಾಳ" ಎಂದು ನಮ್ಮ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಅದು ಸುಳ್ಳಲ್ಲ. ಆದರೆ ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ, ತಕ್ಕಡಿ ಕೆಳಗಿಟ್ಟು ಹೇಳಬಹುದು.

ನಮ್ಮ ಮಗಳು ಗೌರಿಗೆ ಹಾಲು ಆಗುವುದಿಲ್ಲ. ಎದೆಹಾಲು ಬಿಡಿಸಿ ಎಮ್ಮೆಯ ಹಾಲು ಹಿಡಿಸಿದ ವಾರದಲ್ಲೇ ಅದು ತಿಳಿಯಿತು. ಮೈತುಂಬ ದದ್ದು, ವಾಂತಿ. ಒಮ್ಮೆ ತುಟಿ, ಕಣ್ಣು ಎರಡೂ ಊದಿ, ಉಸಿರು ಸಿಳ್ಳೆ ಹಾಕತೊಡಗಿದಾಗ ಮಗುವನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರ ಬಳಿ ಓಡಿದೆವು. ಅವರು ಸೂಜಿಮದ್ದು ಕೊಟ್ಟು, ಉಸಿರು ತಿಳಿಯಾಗುವವರೆಗೆ ಕಾದು, ಹೇಳಿದರು: "ಹಾಲು ಬಿಡಿಸ್ರಿ. ಹಾಲು, ಮಸರು, ಮಜ್ಜಿಗಿ, ಬೆಣ್ಣಿ, ತುಪ್ಪ, ಎಲ್ಲಾ. ಒಂದು ಹನಿನೂ ಬ್ಯಾಡ. ಮುಂದಿನ ಸಲ ಇಲ್ಲಿ ಬರೂತನಕ ಟೈಮ್ ಸಿಗತದೋ ಇಲ್ಲೋ."

"ಮತ್ತೇನು ಕೊಡ್ಲಿರೀ?"

"ಉಳಿದದ್ದೆಲ್ಲಾ ಕೊಡ್ರಿ."

ಉಳಿದದ್ದು ಏನು ಎಂದು ಮನೆ ಮುಟ್ಟುವವರೆಗೆ ಯೋಚಿಸಿದೆ. ನಾನು ಬೆಳೆದದ್ದು ಮಾನ್ವಿಯಲ್ಲಿ, ಶಾಲೆಯ ಮಾಸ್ತರರ ಮಗಳಾಗಿ. ಅಲ್ಲಿ ಹಾಲು ಚಹಾಕ್ಕೆ ಮಾತ್ರ ಇರುತ್ತಿತ್ತು. ಸೇರಿದ ಮನೆ ದೇವದುರ್ಗದ್ದು. ಹಿಂದಿನವರು ಕುರಿ ಕಾದವರು, ಈಗಿನವರು ಹೊಲ ಮಾಡಿ ಎಮ್ಮೆ ಕಟ್ಟಿದವರು. ಅಲ್ಲಿ ಬಂದವರಿಗೆ ನೀರಿಗಿಂತ ಮೊದಲು ಮಜ್ಜಿಗೆ ಕೊಡುತ್ತಾರೆ. ಜ್ವರಕ್ಕೆ ಹಾಲು, ಹೊಟ್ಟೆಗೆ ಮಜ್ಜಿಗೆ, ಸುಟ್ಟ ಗಾಯಕ್ಕೆ ಬೆಣ್ಣೆ, ಸಿಟ್ಟಿಗೆ ಮಸರು. ಮದುವೆಯಾದ ಹೊಸದರಲ್ಲಿ ನನ್ನ ಸೊರಗಿದ ಮುಖ ನೋಡಿ ಅತ್ತೆ ಸಂಗವ್ವ ಮೊದಲು ಆಡಿದ ಮಾತು, "ಇಕಿಗಿ ಓದು ಕುಡಿಸ್ಯಾರ, ಹಾಲು ಕುಡಿಸಿಲ್ಲ."

ಅಂಥವರಿಗೆ ಡಾಕ್ಟರ ಮಾತು ಹೇಳಿದಾಗ ಅವರು ನನ್ನನ್ನು ಕರುಣೆಯಿಂದ ನೋಡಿದರು.

"ಹಾಲು ಆಗದ ಕೂಸು ಎಲ್ಯಾರ ಇರ್ತದೇನಬೇ? ಮೀನಿಗಿ ನೀರು ಆಗಂಗಿಲ್ಲ ಅಂದಂಗಾತು."

ಆ ಸಲ ದೇವದುರ್ಗಕ್ಕೆ ಹೋದಾಗ ನಾನು ಬಾವಿಯಿಂದ ಬರುವಷ್ಟರಲ್ಲಿ ಮಗುವಿನ ತುಟಿ ಊದಿತ್ತು. "ಏನು ಕೊಟ್ರಿ ಅತ್ತೀ?" ಎಂದೆ. "ಹಾಲೇನು ಕೊಟ್ಟಿಲ್ಲಬೇ, ನನ್ನಾಣಿ. ಮಜ್ಜಿಗಿ ಕೊಟ್ಟೀನಿ. ಮಜ್ಜಿಗಿ ಅಂದ್ರ ಔಷಧ." ಅವರು ಮೋಸ ಮಾಡಿರಲಿಲ್ಲ. ಆ ಮನೆಯಲ್ಲಿ ಮಜ್ಜಿಗೆ ಹಾಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಆಮೇಲೆ ಅವರೇ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಡಾಕ್ಟರು ಕೊಟ್ಟಿದ್ದ ಗುಳಿಗೆಯನ್ನು ನಾನು ಅರೆದು ಹಾಕಿದೆ. ಸಂಜೆಗೆ ಊತ ಇಳಿಯಿತು. "ನೋಡು, ದೃಷ್ಟಿ ಆಗಿತ್ತು" ಎಂದು ಅತ್ತೆ ಹೇಳಿದರು. ಇಳಿದ ಊತ ಯಾರ ಪಾಲಿನದು ಎಂದು ನಾನು ವಾದಿಸಲಿಲ್ಲ. ಅಂದು ಒಂದು ಮಾತ್ರ ತೀರ್ಮಾನಿಸಿದೆ. ಬೇಡ ಬೇಡ ಎಂದು ಮಗುವಿನ ಹಿಂದೆ ಓಡುವುದರಿಂದ ಆಗದು; ಹಾಲಿದ್ದ ಜಾಗದಲ್ಲಿ ಬೇರೇನಾದರೂ ತಂದಿಡಬೇಕು. ತಟ್ಟೆ ಖಾಲಿ ಕಂಡರೆ ಈ ಮನೆಯವರು ತುಂಬದೆ ಬಿಡುವವರಲ್ಲ.

ನನ್ನದು ರಸಾಯನಶಾಸ್ತ್ರದ ಪದವಿ. ಅಡಿಗೆಮನೆಗೆ ಅದರಿಂದ ಬಂದದ್ದು ಒಂದು ಅಳತೆಯ ಗ್ಲಾಸು ಮತ್ತು ಯಾವುದನ್ನೂ ಒಂದೇ ಸಲಕ್ಕೆ ನಂಬದ ಚಾಳಿ. ಶೇಂಗಾದಿಂದ ಸುರು ಮಾಡಿದೆ. ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಹಿಂಡಿದರೆ ಹಾಲಿನಂಥದೇ ಹಾಲು. ಆದರೆ ಹಸಿ ವಾಸನೆ ಹೋಗದು. ಹುರಿದು ಮಾಡಿದೆ; ಹಾಲು ಕಂದಾಯಿತು. ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ, ಆಮೇಲೆ ರುಬ್ಬಿದಾಗ ಸರಿ ಬಂತು. ಆ ಉತ್ಸಾಹದಲ್ಲಿ ನಮ್ಮವರ ಚಹಾಕ್ಕೂ ಅದನ್ನೇ ಹಾಕಿದೆ. ಕಪ್ಪಿನಲ್ಲಿ ಹಾಲು ಒಂದು ಕಡೆ, ಚಹಾ ಒಂದು ಕಡೆ ನಿಂತವು. ಕಚೇರಿಗೆ ಹೊರಟಿದ್ದ ನಮ್ಮವರು ಗುಟುಕು ಕುಡಿದು, "ಚಾ ಅಂತ ಕುಡಿದ್ರ ತ್ರಾಸ. ಸಾರು ಅನಕೊಂಡ್ರ ನಡೀತದ" ಎಂದರು. ಮರುದಿನದಿಂದ ಅವರು ಕರಿ ಚಹಾ ಕುಡಿಯುವುದನ್ನು ಕಲಿತರು. ಅದನ್ನು ತ್ಯಾಗವೆಂದು ಅವರು ನಂಬಿದ್ದಾರೆ, ನಾನು ಅಡ್ಡಿಪಡಿಸಿಲ್ಲ.

ಮಸರು ಇನ್ನೊಂದು ಕತೆ. ಶೇಂಗಾ ಹಾಲು ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿ ಮುಚ್ಚಿಟ್ಟೆ. ಬೆಳಿಗ್ಗೆ ಗಟ್ಟಿ ಮಸರು! ಆನಂದ ತಡೆಯಲಾರದೆ, ಎಂದೂ ಯಾರ ಮನೆಗೂ ಸುಮ್ಮನೆ ಹೋಗದ ನಾನು, ಪಕ್ಕದ ಮನೆಯ ರಝಿಯಾ ಆಪಾಗೆ ತೋರಿಸಲು ಒಯ್ದೆ. ಅವರು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ವ್ಹಾ ಬೇಟಿ, ಶೇಂಗಾದ್ದು ಅನ್ನಂಗೇ ಇಲ್ಲ. ಹೆಪ್ಪಿಗಿ ಏನು ಹಾಕಿದಿ?"

"ನಿಮ್ಮ ಮನೀದೇ ಆಪಾ. ನಿನ್ನೆ ಇಸಗೊಂಡಿದ್ನಲ್ಲ."

"ನಮ್ಮ ಮನೀದು ಎಮ್ಮಿ ಮಸರಲ್ಲ?"

ನಾನು ಬಾಗಿಲಲ್ಲೇ ನಿಂತೆ. ವಿಶ್ವವಿದ್ಯಾಲಯ ಕೊಟ್ಟ ಪದವಿ ಟ್ರಂಕಿನಲ್ಲಿ ಭದ್ರವಾಗಿತ್ತು. ಆಪಾ ನಗು ನುಂಗಿಕೊಂಡು, "ಇರ್ಲಿ ಬಿಡು, ಕೂಸಿಗಿ ಇನ್ನೂ ತಿನಿಸಿಲ್ಲಲ್ಲ. ಇದು ನಮಗಿರ್ಲಿ" ಎಂದು ಬಟ್ಟಲು ಒಳಗೆ ಒಯ್ದರು. ಆಮೇಲೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪುಗಟ್ಟಿಸುವುದನ್ನು ಕಲಿತೆ. ಮೊದಲ ದಿನ ಖಾರದ ವಾಸನೆ, ಎರಡನೆಯ ಸಲ ಏನೂ ಆಗಲಿಲ್ಲ, ಆಮೇಲೆ ಒಂದು ದಿನ ಮಸರಾಯಿತು. ಅದರಿಂದ ಮುಂದಿನದಕ್ಕೆ ಹೆಪ್ಪು, ಅದರಿಂದ ಅದರ ಮುಂದಿನದಕ್ಕೆ. ಊರಿಗೆ ಹೋಗುವುದಿದ್ದರೆ ಹೆಪ್ಪಿನ ಬಟ್ಟಲು ಆಪಾ ಮನೆಗೆ ಹೋಗುತ್ತದೆ, ಸಾಕಿದ ಬೆಕ್ಕನ್ನು ಬಿಟ್ಟುಹೋದ ಹಾಗೆ.

ಮಗು ಬೆಳೆಯಿತು. ಅಂಬಲಿಗೆ ಶೇಂಗಾ ಹಾಲು, ಅನ್ನಕ್ಕೆ ಶೇಂಗಾ ಮಸರು, ರೊಟ್ಟಿಯ ಮೇಲೆ ತುಪ್ಪದ ಬದಲು ಹಸಿ ಕುಸುಬಿ ಎಣ್ಣೆ. ತೂಕದ ಬಗ್ಗೆ ಡಾಕ್ಟರು ಮಾತಾಡುವುದನ್ನು ಬಿಟ್ಟರು. ನಾನು ಗೆದ್ದೆನೆಂದುಕೊಂಡೆ.

ದಸರೆಗೆ ದೇವದುರ್ಗಕ್ಕೆ ಹೋದಾಗ ಅತ್ತೆ ತಮ್ಮ ಗಬ್ಬದ ಎಮ್ಮೆಯ ಬೆನ್ನು ಸವರುತ್ತ ಹೇಳಿದರು: "ಸಂಕ್ರಾಂತಿ ಮುಂದ ಈತದ. ಗಿಣ್ಣಕ್ಕ ಕೂಸಿನ ಕರಕೊಂಡು ಬರಬೇಕು. ಹೋದ ಸಲ ಸಣ್ಣಾಕಿ ಅಂತ ಬಿಟ್ಟೀನಿ. ಈ ಸಲ ಬಿಡಂಗಿಲ್ಲ."

ಗಿಣ್ಣ ಎಂದರೆ ಈದ ಎಮ್ಮೆಯ ಮೊದಲ ಹಾಲು, ಬೆಲ್ಲ ಹಾಕಿ ಬೇಯಿಸಿ ಗಟ್ಟಿ ಮಾಡಿದ್ದು. ಆ ಮನೆಯ ಪದ್ಧತಿಯಲ್ಲಿ ಅದನ್ನು ದೇವರ ಮುಂದಿಟ್ಟು, ಮನೆಯ ಮಕ್ಕಳೆಲ್ಲ ಬಾಯಿಗೆ ಹಾಕಿಕೊಂಡ ಮೇಲೆಯೇ ಓಣಿಗೆ ಹಂಚುತ್ತಾರೆ. ಒಂದು ಮಗು ಉಳಿದರೂ ಎಮ್ಮೆ ಒದೆಯುತ್ತದೆ, ಹಾಲು ಇಳಿಸುವುದಿಲ್ಲ ಎಂದು ನಂಬಿಕೆ. ಮಕ್ಕಳೆಂದರೆ ಆ ಮನೆಗೆ ಸದ್ಯ ಗೌರಿ ಒಬ್ಬಳೇ.

ಮರಳುವಾಗ ಬಸ್ಸಿನಲ್ಲಿ ನಮ್ಮವರು, "ಬೆರಳ ತುದೀಲಿ ಒಂಚೂರು ಹಚ್ಚಿದ್ರ..." ಎಂದು ಸುರು ಮಾಡಿ, ನನ್ನ ಮುಖ ನೋಡಿ, ಕಿಟಕಿಯ ಹೊರಗೆ ಜೋಳದ ಪೈರು ನೋಡತೊಡಗಿದರು. ಸಂಕ್ರಾಂತಿಯೊಳಗೆ ಹಾಲಿಲ್ಲದ ಗಿಣ್ಣ ಮಾಡುವುದೆಂದು ನಾನು ಗೊತ್ತುಮಾಡಿಕೊಂಡಿದ್ದೆ.

ಶೇಂಗಾ ಹಾಲು ಇದಕ್ಕೆ ಒಗ್ಗಲಿಲ್ಲ. ಎಷ್ಟು ಬೇಯಿಸಿದರೂ ಚಟ್ನಿಯ ನೆನಪು ಬರುತ್ತಿತ್ತು. ಆಗ ನೆನಪಾದದ್ದು ಮಲ್ಲಟದ ನಮ್ಮಜ್ಜಿ. ರಜೆಗೆ ಹೋದಾಗ ಅವಳು ಕುಸುಬಿ ನೆನೆಸಿ, ಕುಟ್ಟಿ, ಹಾಲು ಹಿಂಡಿ, ಗೋಧಿಯ ಹುಗ್ಗಿ ಮಾಡುತ್ತಿದ್ದಳು. ಕುಸುಬಿ ಹೊಲದಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಓಡುತ್ತಿದ್ದುದು, ಮೊಣಕಾಲಿಗೆ ಮುಳ್ಳು ಗೀರಿದ ಗೆರೆ, ಆ ಗೆರೆಗೆ ಅಜ್ಜಿ ಹಚ್ಚುತ್ತಿದ್ದ ಅದೇ ಕುಸುಬಿಯ ಎಣ್ಣೆ. ಒಲೆಯ ಮುಂದೆ ಕೂತು ಕಾಯುವಾಗ ಹಾಲು ಕಾದು ತಾನಾಗಿ ತರಿತರಿಯಾಗಿ ಗಟ್ಟಿಯಾಗುವುದನ್ನು ನೋಡುತ್ತಿದ್ದೆವು. ಗಟ್ಟಿಯಾಗುವ ಹಾಲು! ನನಗೆ ಬೇಕಾದದ್ದು ಅದೇ. ಅಜ್ಜಿ ತೀರಿಹೋಗಿ ಬಹಳ ವರ್ಷವಾಗಿತ್ತು; ಕೇಳಲು ಯಾರೂ ಇರಲಿಲ್ಲ. ಹುಗ್ಗಿ ತಿನ್ನುವ ಅವಸರದಲ್ಲಿ ಅವಳು ಹಾಲು ಹಿಂಡುವ ರೀತಿಯನ್ನು ನಾನು ಗಮನಿಸಿರಲಿಲ್ಲ.

ಹಾಗಾಗಿ ಮೊದಲಿಂದ ಸುರು. ನುಣ್ಣಗೆ ರುಬ್ಬಿದೆ; ಸಿಪ್ಪೆ ಅರೆದು ಹಾಲು ಕಹಿಯಾಯಿತು. ತರಿಯಾಗಿ ರುಬ್ಬಿ ಎರಡು ಸಲ ಹಿಂಡಿದರೆ ಕಹಿ ಇಲ್ಲ. ಉರಿ ಜೋರಾದರೆ ನೀರು ಬೇರೆ, ಗಟ್ಟಿ ಬೇರೆ. ಹಬೆಯಲ್ಲಿಟ್ಟರೆ ಪರವಾಗಿಲ್ಲ, ಆದರೆ ಮುಟ್ಟಿದರೆ ಉದುರುತ್ತದೆ. ಅಕ್ಕಿ ನೆನೆಸಿ ರುಬ್ಬಿದ ಹಾಲು ಸೇರಿಸಿದೆ. ಅದು ಹೆಚ್ಚಾದ ದಿನ ನಮ್ಮವರು ತುಂಡನ್ನು ಬೆರಳಿನಿಂದ ಒತ್ತಿ ನೋಡಿ, "ಸೈಕಲ್ ಟ್ಯೂಬಿಗಿ ಪಂಕ್ಚರ್ ಹಾಕಬಹುದು" ಎಂದರು. ಗೌರಿ ಮಾತ್ರ ಯಾವುದನ್ನೂ ಬಿಡಲಿಲ್ಲ. ಸೋತ ಗಿಣ್ಣಗಳನ್ನೆಲ್ಲ ತಿಂದು ದುಂಡಗಾದಳು. ಸಂಕ್ರಾಂತಿಗೆ ಮುಂಚೆ ಒಂದು ದಿನ, ಬಟ್ಟಲು ಬೋರಲು ಹಾಕಿದಾಗ ಗಿಣ್ಣ ಮೆತ್ತಗೆ ಅಲುಗಿ, ಒಡೆಯದೆ ಕೂತಿತು. ಏಲಕ್ಕಿಯ ವಾಸನೆ. ಒಳಗೆ ಸಣ್ಣ ಸಣ್ಣ ತೂತು, ನಿಜವಾದದ್ದರಂತೆಯೇ. ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ.

ದೇವದುರ್ಗದ ಮನೆಯನ್ನು ನಂಬುವಂತಿರಲಿಲ್ಲ. ಅಲ್ಲಿ ಹಾಲು ತಾಗದ ಪಾತ್ರೆ ಸಿಗುವುದು ಕಷ್ಟ. ಎಮ್ಮೆ ಈದಿದೆ ಎಂದು ಸುದ್ದಿ ಬಂದ ಬೆಳಿಗ್ಗೆ ಹೊಸ ಕ್ಯಾನಿನ ತುಂಬ ಕುಸುಬಿ ಹಾಲು ಹಿಂಡಿಕೊಂಡು ಬಸ್ಸು ಹತ್ತಿದೆವು. ಕಂಡಕ್ಟರ್ ಕ್ಯಾನು ನೋಡಿದ.

"ಹಾಲೇನ್ರೀ ಅಕ್ಕಾರ?"

"ಹೌದು."

"ದೇವದುರ್ಗಕ್ಕ ಹಾಲು ಒಯ್ತೀರಾ? ಅಲ್ಲಿ ಎಮ್ಮಿ ಎಲ್ಲಾ ಸತ್ತಾವೇನ್ರೀ?" ಬಸ್ಸೆಲ್ಲ ನಕ್ಕಿತು. ಆಮೇಲೆ ತನ್ನ ಮಾತಿಗೆ ತಾನೇ ನೊಂದವನಂತೆ ಕ್ಯಾನನ್ನು ಎತ್ತಿ, ಅಲುಗಾಡದಿರಲೆಂದು ಡ್ರೈವರ್ ಪಕ್ಕದ ಎಂಜಿನಿನ ಮೇಲೆ ಭದ್ರವಾಗಿ ಇಟ್ಟ. ಬೇಡ ಎನ್ನಬೇಕಿತ್ತು. ಬಸ್ಸೆಲ್ಲ ನನ್ನನ್ನೇ ನೋಡುತ್ತಿದ್ದಾಗ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಗಬ್ಬೂರು ಬರುವಷ್ಟರಲ್ಲಿ ಎಂಜಿನಿನ ಕಾವಿಗೆ ಹಾಲು ಒಡೆದು, ಮುಚ್ಚಳ ಹಾರಿ, ಡ್ರೈವರನ ಚಪ್ಪಲಿಗೂ ಪಾಲು ಹೋಗಿತ್ತು. ಉಳಿದದ್ದನ್ನು ಗಬ್ಬೂರಿನ ನಾಯಿಗಳು ಸಂತೋಷದಿಂದ ಸ್ವೀಕರಿಸಿದವು.

ಖಾಲಿ ಕ್ಯಾನು ಹಿಡಿದು ಅತ್ತೆಯ ಮುಂದೆ ನಿಂತೆ. ಗಿಣ್ಣ ಮರುದಿನ. "ಅತ್ತೀ, ಸ್ವಲ್ಪ ಕುಸುಬಿ ಬೇಕಿತ್ರಿ. ಒಂದು ಹೊಸ ಗಡಿಗಿನೂ" ಎಂದೆ. ಯಾಕೆಂದು ಕೇಳದೆ ಅವರು ಎರಡನ್ನೂ ತರಿಸಿಕೊಟ್ಟರು. ಆದರೆ ಮರುದಿನ ಬೆಳಿಗ್ಗೆ ನಾನು ರುಬ್ಬುವ ಕಲ್ಲಿನ ಮುಂದೆ ಕೂತಾಗ, ಅವರೂ ಎದುರಿಗೆ ಮಣೆ ಹಾಕಿಕೊಂಡು ಕೂತರು. ರಾಯಚೂರಿನಲ್ಲಿ ಬಾಗಿಲು ಹಾಕಿಕೊಂಡು ಮಾಡಿದ್ದನ್ನು ಇಲ್ಲಿ ಎಮ್ಮೆ ಕಟ್ಟಿ ತಲೆ ನರೆಸಿದವರ ಕಣ್ಣೆದುರು ಮಾಡಬೇಕಾಯಿತು. ನನ್ನ ಕೈ ಎರಡು ಸಲ ಜಾರಿತು.

ಬಟ್ಟೆಯಲ್ಲಿ ಹಿಂಡಿದಾಗ ಹಾಲು ಸುರಿಯಿತು. ಅವರು ಬಗ್ಗಿ ನೋಡಿದರು, ಮೂಸಿದರು. ಹಿಂಡಿ ಉಳಿದ ಸಿಪ್ಪೆಯನ್ನು ಬುಟ್ಟಿಗೆ ಹಾಕಿಕೊಂಡು ಹೋಗಿ ಎಮ್ಮೆಯ ಮುಂದಿಟ್ಟು ಬಂದರು.

"ಎಮ್ಮಿ ತಿನ್ನಾಕತ್ತದ" ಎಂದರು. ಮತ್ತೆ ಮಣೆಯ ಮೇಲೆ ಕೂತರು. "ನಾವು ಎಮ್ಮಿಗಿ ಕುಸುಬಿ ಹಿಂಡಿ ಹಾಕ್ತೀವಿ, ಎಮ್ಮಿ ಹಾಲು ಮಾಡ್ತದ. ನೀ ನಡುವಿನ ಎಮ್ಮಿನ ತಗದುಬಿಟ್ಟಿ."

"ಹೂಂ ಅತ್ತೀ."

"ಸಗಣಿ ಬಳಿಯೂದೂ ಉಳೀತು." ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ. "ಅದು ಇರ್ಲಿ. ಗಿಣ್ಣ ಬ್ಯಾರೆ. ಬೆರಳ ತುದಿ ನೆಕ್ಕಿಸ್ತೀನಿ, ಅಷ್ಟ. ಎಮ್ಮಿ ಸಲುವಾಗಿ."

"ಬ್ಯಾಡ ಅತ್ತೀ."

ಅದುವರೆಗೆ ಅವರಿಗೆ ನಾನು ಆ ಶಬ್ದ ಹೇಳಿರಲಿಲ್ಲ. ಅವರು ನನ್ನನ್ನು ನೋಡಿದರು.

"ಬೆರಳ ತುದೀನೂ ಬ್ಯಾಡ. ಅವತ್ತು ಉಸಿರು ಹಿಡಿದಾಗ ನಾನು ಎತಗೊಂಡು ಓಡೀನಿ. ಇಲ್ಲಿಂದ ಎಲ್ಲಿಗಿ ಓಡ್ಲಿ? ಆಕಿಗಿ ಇದೇ ಗಿಣ್ಣ."

"ಎಮ್ಮಿ ಒದ್ದರ?"

"ನಾನ ಹಿಂಡ್ತೀನಿ. ಒದ್ದರ ನನಗ ಒದೀಲಿ."

"ನೀನು?" ಈಗ ಅವರು ನಿಜವಾಗಿಯೂ ನಕ್ಕರು. "ನೀ ಹಿಂಡಾಕ ಕೂತ್ರ ಎಮ್ಮಿ ಒದಿಯಂಗಿಲ್ಲಬೇ, ಬಿದ್ದು ಬಿದ್ದು ನಗ್ತದ." ನಗು ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆತು. ನಾಳೆ ಮುಂಜಾನಿ ನೀನ ಕೂಡಬೇಕು ಮತ್ತ. ಮಾತು ಮಾತೇ."

ಅಂದು ಮನೆಯಲ್ಲಿ ಎರಡು ಗಿಣ್ಣ ಬೆಂದವು, ಎರಡು ಒಲೆಯ ಮೇಲೆ. ದೇವರ ಮುಂದೆ ಅತ್ತೆ ತಮ್ಮದನ್ನು ಇಟ್ಟು ವಿಭೂತಿ ಹಚ್ಚಿದರು. ಗೌರಿಯ ಬಟ್ಟಲನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತರು, ಆಮೇಲೆ ಅದನ್ನೂ ಇಟ್ಟರು, ಸ್ವಲ್ಪ ದೂರಕ್ಕೆ. ವಿಭೂತಿ ಹಚ್ಚಲಿಲ್ಲ. ಮಗು ತನ್ನ ಪಾಲು ತಿಂದು ಇನ್ನೊಂದು ಸಲ ಕೈ ಚಾಚಿತು. ಓಣಿಗೆ ಗಿಣ್ಣ ಹಂಚಿದ್ದಾಯಿತು. ಅತ್ತೆಯ ಲೆಕ್ಕದಲ್ಲಿ ಮಗು ತಿಂದಂತೆಯೋ ಇಲ್ಲವೋ ಎಂದು ತಿಳಿಯಲಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ಎಮ್ಮೆ.

ಮರುದಿನ ಮುಂಜಾನೆ ಚಳಿಯಿತ್ತು. ಅತ್ತೆ ನನ್ನ ಕೈಗೆ ಚರಿಗೆ ಕೊಟ್ಟು ಎಮ್ಮೆಯ ಪಕ್ಕ ಕೂರಿಸಿದರು. ಹೊಟ್ಟೆಯ ಕೆಳಗಿಂದ ಕಾಣುವ ಎಮ್ಮೆ, ದೂರದಿಂದ ಕಾಣುವ ಎಮ್ಮೆಗಿಂತ ಬಹಳ ದೊಡ್ಡದು. ಕೆಚ್ಚಲು ತೊಳೆದು, ಹೇಳಿಕೊಟ್ಟಂತೆ ಹಿಡಿದೆ. ಒಂದು ಹನಿ ಬಿತ್ತು. ಇನ್ನೊಂದು. ಮೂರನೆಯದಕ್ಕೆ ಎಮ್ಮೆ ಕಾಲು ಎತ್ತಿ ಒದೆಯಿತು. ಚರಿಗೆ ಠಣ್ ಎಂದು ಗೋಡೆಗೆ ಹೊಡೆದು ಉರುಳಿತು, ನಾನು ಹಿಂದಕ್ಕೆ ಬಿದ್ದೆ.

ಆ ಸದ್ದಿಗೆ ಪಕ್ಕದ ಮನೆಯ ನಾಗವ್ವ ಗೋಡೆಯ ಮೇಲಿಂದ ಇಣುಕಿದಳು. ಬಿದ್ದ ನನ್ನನ್ನು, ಉರುಳಿದ ಚರಿಗೆಯನ್ನು, ಬಾಗಿಲಲ್ಲಿ ಕಣ್ಣುಜ್ಜುತ್ತ ನಿಂತಿದ್ದ ಗೌರಿಯನ್ನು ನೋಡಿದಳು.

"ಯಾಕ ಸಂಗವ್ವ, ಎಮ್ಮಿ ಒದ್ದದಲ್ಲ? ನಿನ್ನ ಮೊಮ್ಮಗಳು ಗಿಣ್ಣ ತಿನ್ನಲಿಲ್ಲೇನು?"

ನಾನು ನೆಲದ ಮೇಲೆಯೇ ಕೂತು ಅತ್ತೆಯ ಮುಖ ನೋಡಿದೆ. ಅವರು ನಿಧಾನವಾಗಿ ಹೋಗಿ ಚರಿಗೆ ಎತ್ತಿಕೊಂಡರು, ಅದರ ತಗ್ಗು ನೋಡಿದರು, ನೀರು ಹಾಕಿ ತೊಳೆದರು.

"ಯಾಕ ತಿನ್ನಲಿಲ್ಲ? ತಿಂದದ. ಎರಡ ಸಲ ಇಸಗೊಂಡು ತಿಂದದ" ಎಂದರು, ಓಣಿಗೆಲ್ಲ ಕೇಳುವಂತೆ. "ಒದ್ದದ್ದು ಸೊಸಿಗಿ. ಆಕಿ ಕೈ ತಣ್ಣಗ ಅದಾವ."

ನಾಗವ್ವನ ತಲೆ ಗೋಡೆಯಾಚೆ ಇಳಿಯಿತು. ಅತ್ತೆ ಚರಿಗೆಯನ್ನು ನನ್ನ ಮುಂದೆ ಹಿಡಿದರು.

"ಏನು ನೋಡ್ತೀ? ಕೈ ತಿಕ್ಕೋ. ಬಿಸಿ ಆದಮ್ಯಾಲ ಮತ್ತ ಕೂಡು."

ಎರಡೂ ಕೈ ಉಜ್ಜಿಕೊಂಡು ಮತ್ತೆ ಕೂತೆ.